ಅರ್ಧ ಇಂಚಿನ ಪೈಪು

ಅಮೆರಿಕದಲ್ಲಿ ಆರ್‌ವಿ ಮಾರುವವರು ಕುಡಿಯುವ ನೀರಿನ ಟ್ಯಾಂಕಿನ ಬಗ್ಗೆ ಹೇಳುವುದು ಒಂದೇ ಮಾತು: ಇಷ್ಟು ಗ್ಯಾಲನ್. ಸಣ್ಣ ಟ್ರೇಲರ್ ಆದರೆ 30, ನಡುವಿನದಾದರೆ 60, ಬಸ್ಸಿನಷ್ಟು ದೊಡ್ಡ ಮೋಟರ್‌ಹೋಮ್ ಆದರೆ 100. ಕೊಳ್ಳಲು ಬಂದವರೂ ಅಂಕಿಯನ್ನು ಪಕ್ಕದ ಗಾಡಿಯ ಅಂಕಿಗೆ ತಾಳೆ ನೋಡಿ, ಅಡುಗೆಕಟ್ಟೆಯ ಹೊಳಪು ನೋಡಲು ಒಳಗೆ ಹೋಗುತ್ತಾರೆ. ಟ್ಯಾಂಕಿಗೆ ನೀರು ನುಗ್ಗುವಾಗ ಒಳಗಿದ್ದ ಗಾಳಿ ಎಲ್ಲಿಂದ ಆಚೆಗೆ ಹೋಗುತ್ತದೆ, ತುಂಬಿದ ಮೇಲೆ ಮಿಕ್ಕ ನೀರು ಎಲ್ಲಿ ಬೀಳುತ್ತದೆ ಎಂದು ಕೇಳಿದವರನ್ನು ನಾನಂತೂ ನೋಡಿಲ್ಲ. ಕೇಳಿದರೂ ಸರಿಯಾಗಿ ಹೇಳಬಲ್ಲ ಮಾರಾಟಗಾರ ಸಿಗುವುದು ಅನುಮಾನ. ಮನೆಯನ್ನೇ ಹೊತ್ತು ಓಡುವ ಈ ಗಾಡಿಗಳ ನೀರಿನ ವ್ಯವಸ್ಥೆಯಲ್ಲಿ ಇಷ್ಟು ಅಸಡ್ಡೆಯಿಂದ ಮಾಡಿದ ಇನ್ನೊಂದು ಭಾಗವಿಲ್ಲ ಎಂಬುದು ನನ್ನ ತಕರಾರು.

ನಳ್ಳಿ, ವಿದ್ಯುತ್ತು, ಚರಂಡಿ ಎಲ್ಲವೂ ಇರುವ ಕ್ಯಾಂಪ್‌ಗ್ರೌಂಡಿನಲ್ಲಿ ನಿಂತವರಿಗೆ ಟ್ಯಾಂಕಿನ ನೆನಪೇ ಆಗುವುದಿಲ್ಲ. ಟ್ಯಾಂಕು ಬೇಕಾಗುವುದು ಅಂಥ ಜಾಗಗಳ ಆಚೆಗೆ. ಅಮೆರಿಕದ ಕನ್ನಡಿಗ ಕುಟುಂಬಗಳು ಬೇಸಿಗೆ ರಜೆಯಲ್ಲಿ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಯೆಲ್ಲೊಸ್ಟೋನ್ ನೋಡಲು ಹೋಗುವುದುಂಟು. ಆ ರಾಷ್ಟ್ರೀಯ ಉದ್ಯಾನದೊಳಗೆ ಗಾಡಿಗೆ ನೇರವಾಗಿ ನೀರಿನ ಸಂಪರ್ಕ ಸಿಗುವ ತಂಗುದಾಣ ಫಿಶಿಂಗ್ ಬ್ರಿಜ್ ಒಂದೇ. ಉಳಿದ ಕಡೆ ತಂಗಿದರೆ ಟ್ಯಾಂಕಿನಲ್ಲಿ ಹೊತ್ತು ತಂದದ್ದೇ ಗತಿ. ಅರಿಜೋನಾದ ಕ್ವಾರ್ಟ್ಜ್‌ಸೈಟ್ ಸುತ್ತಿನ ಮರುಭೂಮಿಯಲ್ಲಿ, ಸರ್ಕಾರಿ ಜಮೀನಿನಲ್ಲಿ, ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ತಿಂಗಳುಗಟ್ಟಲೆ ಬೀಡುಬಿಡುವವರ ಪಾಡೂ ಅದೇ. 60 ಗ್ಯಾಲನ್ ಎಂದರೆ 227 ಲೀಟರ್. ನಾಲ್ಕು ಜನ ಕೈ ಬಿಗಿಹಿಡಿದು ಬಳಸಿದರೆ ಮೂರು ದಿನಕ್ಕೆ ಬಂದೀತು. ಅದರಲ್ಲಿ 40 ಲೀಟರ್ ತುಂಬಲೇ ಇಲ್ಲ, ಇನ್ನೊಂದು 40 ಲೀಟರ್ ದಾರಿಯಲ್ಲೇ ಚೆಲ್ಲಿಹೋಯಿತು ಎಂದರೆ ಒಂದು ದಿನ ಕಡಿಮೆಯಾಯಿತು.

ತುಂಬದೆ ಇರುವುದು ಹೇಗೆ? ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿ ಬಗ್ಗಿಸಿದರೆ ಗುಳುಗುಳು ಎಂದು ತಡೆತಡೆದು ಸುರಿಯುತ್ತದಲ್ಲ, ಎದುರು ಮೂಲೆಗೆ ಇನ್ನೊಂದು ತೂತು ಹೊಡೆದರೆ ಸರಾಗವಾಗಿ ಬರುತ್ತದಲ್ಲ, ಅಷ್ಟೇ ಇದು, ದಿಕ್ಕು ಮಾತ್ರ ತಿರುಗುಮುರುಗು. ಒಂದು ಲೀಟರ್ ನೀರು ಒಳಗೆ ಹೋಗಬೇಕಾದರೆ ಒಂದು ಲೀಟರ್ ಗಾಳಿ ಹೊರಗೆ ಬರಲೇಬೇಕು. ಗಾಡಿಯ ಪಕ್ಕದ ಗೋಡೆಯಲ್ಲಿ ಎದೆಯೆತ್ತರಕ್ಕೆ ನೀರು ತುಂಬುವ ಬಾಯಿ ಇರುತ್ತದೆ. ಅಲ್ಲಿಂದ ಟ್ಯಾಂಕಿಗೆ ಸಾಮಾನ್ಯವಾಗಿ ಒಂದೂಕಾಲು ಇಂಚಿನ ಪೈಪು ಇಳಿಯುತ್ತದೆ. ಅದರ ಪಕ್ಕದಲ್ಲೇ ಟ್ಯಾಂಕಿನ ನೆತ್ತಿಯಿಂದ ಅರ್ಧ ಇಂಚಿನ ಇನ್ನೊಂದು ಪೈಪು ಮೇಲೆ ಬಂದು ಅದೇ ಬಾಯಿಯ ಅಂಚಿನಲ್ಲಿ, ಸಣ್ಣ ಜಾಲರಿಯ ಹಿಂದೆ, ತೆರೆದುಕೊಳ್ಳುತ್ತದೆ. ಕೆಲವು ಮಾದರಿಗಳಲ್ಲಿ ಅದು ಮೇಲೆ ಬರುವ ಬದಲು ನೆಲದಡಿಗೆ ಇಳಿಯುತ್ತದೆ. ಎರಡೂ ಇರುವ ಗಾಡಿಗಳೂ ಉಂಟು. ವೆಂಟ್ ಎನ್ನುವುದು, ಓವರ್‌ಫ್ಲೋ ಎನ್ನುವುದು ಈ ತೆಳ್ಳಗಿನ ಪೈಪನ್ನೇ.

ಬರೀ ಗಾಳಿಗೆ ಅರ್ಧ ಇಂಚು ಸಾಕು. ನಿಮಿಷಕ್ಕೆ 20 ಲೀಟರ್ ಗಾಳಿ ಅದರಲ್ಲಿ ಸಲೀಸಾಗಿ ಹೋಗುತ್ತದೆ. ತೊಂದರೆ ಪೈಪು ಹೋಗುವ ದಾರಿಯದು. ಗೋಡೆಯ ಹಲಗೆ ಮುಚ್ಚುವ ಮೊದಲು ಈ ಮೆದು ಪೈಪನ್ನು ಅಲ್ಲಲ್ಲಿ ಕ್ಲಿಪ್ಪಿನಿಂದ ಬಿಗಿದು, ಎಲ್ಲೂ ತಗ್ಗು ಬೀಳದಂತೆ ಏರುಮುಖವಾಗಿ ಎಳೆಯಬೇಕು. ಎಳೆಯದಿದ್ದರೆ ಅದು ನಡುವೆ ಜೋತುಬೀಳುತ್ತದೆ. ಜೋತ ಜಾಗದಲ್ಲಿ ಹಿಂದಿನ ಸಲ ತುಂಬಿದಾಗ ಬಂದ ನೀರು ನಿಂತಿರುತ್ತದೆ. ಆ ತಗ್ಗು 15 ಸೆಂಟಿಮೀಟರ್ ಆಳವಿದ್ದರೆ, ಒಳಗಿನ ಗಾಳಿ ಹೊರಬರಲು ಅಷ್ಟೂ ನೀರನ್ನು ಎತ್ತಿ ಒಗೆಯಬೇಕು. ಅದಕ್ಕೆ ಬೇಕಾದ ಒತ್ತಡ ಹುಟ್ಟುವವರೆಗೆ ತುಂಬುವ ಪೈಪಿನಲ್ಲಿ ನೀರು ಮೇಲೇರುತ್ತದೆ. ಕೊನೆಗೆ ಗಾಳಿ ಒಮ್ಮೆಲೇ ತೇಗಿ, ಹೋಸು ಹಿಡಿದು ನಿಂತವರ ಮುಖಕ್ಕೆ ನೀರು ಎರಚುತ್ತದೆ. ನಿಮಿಷ ಕಳೆದ ಮೇಲೆ ಮತ್ತೆ ಅದೇ. ಬೇಸತ್ತವರು ಟ್ಯಾಂಕು ತುಂಬಿತೆಂದುಕೊಂಡು ನಳ್ಳಿ ನಿಲ್ಲಿಸುತ್ತಾರೆ. ನೆಲ ಓರೆಯಿದ್ದು ವೆಂಟಿನ ಬಾಯಿ ತಗ್ಗಿನ ಕಡೆಗೆ ಬಂದಿದ್ದರಂತೂ ಎತ್ತರದ ಮೂಲೆಯಲ್ಲಿ ಗಾಳಿ ಸಿಕ್ಕಿಬಿದ್ದು, 60 ಗ್ಯಾಲನ್ ಎಂದು ಹೇಳಿದ ಟ್ಯಾಂಕು 50ಕ್ಕೇ ಸಾಕು ಎನ್ನುತ್ತದೆ.

ಜನ ಬಯ್ಯುವುದೆಲ್ಲ ಈ ಎರಚಾಟವನ್ನೇ. ನನಗೆ ಇದರ ಮೇಲೆ ಅಷ್ಟೇನೂ ಸಿಟ್ಟಿಲ್ಲ. ತೆರೆದ ಬಾಯಿಯಿಂದ ಸುರಿಯುವಾಗ ಹೆಚ್ಚಾದದ್ದು ಅದೇ ಬಾಯಿಯಿಂದ ಕಣ್ಣೆದುರಿಗೇ ವಾಪಸ್ಸು ಬರುತ್ತದೆ. ಬಟ್ಟೆ ಒದ್ದೆಯಾಗುತ್ತದೆ, ಟ್ಯಾಂಕಿಗೆ ಏನೂ ಆಗುವುದಿಲ್ಲ. ನಿಜವಾದ ಕೇಡು ಇರುವುದು, ಈ ಕಿರಿಕಿರಿಯನ್ನು ತಪ್ಪಿಸಲೆಂದು ತಂದ ಅನುಕೂಲದಲ್ಲಿ.

ಈಗಿನ ಹಲವು ಗಾಡಿಗಳಲ್ಲಿ ಒಂದು ಪುಟ್ಟ ಕಪಾಟು, ಅದರೊಳಗೆ ತಿರುಗಿಸುವ ಹಿಡಿ. ಹೋಸನ್ನು ಬಿಗಿಯಾಗಿ ತಿರುಚಿ ಹಾಕಿ ಹಿಡಿಯನ್ನು ‘ಟ್ಯಾಂಕ್ ಫಿಲ್’ ಕಡೆಗೆ ತಿರುಗಿಸಿದರೆ ಕ್ಯಾಂಪ್‌ಗ್ರೌಂಡಿನ ನಳ್ಳಿಯ ಒತ್ತಡದಲ್ಲೇ ನೀರು ನೇರವಾಗಿ ಟ್ಯಾಂಕಿಗೆ ನುಗ್ಗುತ್ತದೆ. ಎರಚುವುದಿಲ್ಲ, ಹೋಸು ಹಿಡಿದು ನಿಲ್ಲಬೇಕಿಲ್ಲ. ಬಾಡಿಗೆ ಗಾಡಿಗಳಿಗೆ ಹೇಳಿ ಮಾಡಿಸಿದಂಥದ್ದು. ಟ್ಯಾಂಕು ತುಂಬುವವರೆಗೂ ಎಲ್ಲ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಅಲ್ಲಿಯವರೆಗೆ ಅರ್ಧ ಇಂಚಿನ ಪೈಪಿನಲ್ಲಿ ಹೋಗುತ್ತಿರುವುದು ಗಾಳಿ. ತುಂಬಿದ ಆ ಗಳಿಗೆಯಲ್ಲಿ ಅದೇ ಪೈಪಿಗೆ ನೀರು ನುಗ್ಗುತ್ತದೆ. ನೀರು ಗಾಳಿಗಿಂತ 800 ಪಟ್ಟು ಭಾರ.

ಲೆಕ್ಕ ಹಾಕಿ ನೋಡೋಣ. ಒಳ್ಳೆಯ ಒತ್ತಡವಿರುವ ನಳ್ಳಿಯಿಂದ ನಿಮಿಷಕ್ಕೆ 20 ಲೀಟರ್ ಬರುತ್ತಿದೆ, ಓವರ್‌ಫ್ಲೋ ಪೈಪು ಅರ್ಧ ಇಂಚು ಒಳವ್ಯಾಸದ್ದು, 2 ಮೀಟರ್ ಉದ್ದ ಎಂದಿಟ್ಟುಕೊಳ್ಳಿ. ಅಷ್ಟು ನೀರು ಅದರ ಮೂಲಕ ಹೊರಹೋಗಬೇಕಾದರೆ ಸೆಕೆಂಡಿಗೆ ಎರಡೂವರೆ ಮೀಟರಿಗೂ ಮೀರಿದ ವೇಗದಲ್ಲಿ ಓಡಬೇಕು. ಪೈಪಿನ ಒಳಮೈಯ ಘರ್ಷಣೆ, ತಿರುವುಗಳು ಎಲ್ಲ ಸೇರಿ ಅದನ್ನು ದೂಡಲು ಟ್ಯಾಂಕಿನೊಳಗೆ ಸುಮಾರು 2 ಮೀಟರ್ ಎತ್ತರದ ನೀರಿನ ಕಂಬದಷ್ಟು ಒತ್ತಡ ಬೇಕು. ಮೂರು ಪಿಎಸ್‌ಐಗೆ ಸ್ವಲ್ಪ ಕಡಿಮೆ. ಕೇಳಲು ಅಲ್ಪ, ಸೈಕಲ್ಲಿನ ಟೈರಿನಲ್ಲಿ ಇದರ ಹತ್ತು ಪಟ್ಟಿಗಿಂತ ಹೆಚ್ಚು ಇರುತ್ತದೆ. ಆದರೆ ಟ್ಯಾಂಕು ಟೈರಿನ ಹಾಗೆ ದುಂಡಗಿಲ್ಲ, ಚಪ್ಪಟೆ ಪೆಟ್ಟಿಗೆ. ಅದರ ಮೇಲ್ಮೈ ಅರ್ಧ ಚದರ ಮೀಟರ್ ಇದ್ದರೆ ಅದರ ಮೇಲೆ ಒಳಗಿನಿಂದ ಬೀಳುವ ಒತ್ತು ಒಂದು ಟನ್. ತಳದ ಮೇಲೂ ಅಷ್ಟೇ, ಜೊತೆಗೆ ನೀರಿನ ಸ್ವಂತ ತೂಕ ಬೇರೆ. ಕೆಲವು ಮಿಲಿಮೀಟರ್ ದಪ್ಪದ ಪಾಲಿಥೀನ್ ಗೋಡೆ ಇದನ್ನು ತಾಳಿಕೊಳ್ಳಬೇಕು. ಹರಿವನ್ನು ಅರ್ಧಕ್ಕಿಳಿಸಿದರೆ ಒತ್ತಡ ಹೆಚ್ಚುಕಡಿಮೆ ಕಾಲು ಭಾಗಕ್ಕಿಳಿಯುತ್ತದೆ. ಈ ವಿಷಯವನ್ನು ಕಪಾಟಿನ ಬಾಗಿಲ ಮೇಲೆ ಒಂದು ಸಾಲಿನಲ್ಲಿ ಬರೆಯಬಹುದಿತ್ತು. ಅಲ್ಲಿ ಇರುವುದು ನಾಲ್ಕು ಬಣ್ಣದ ಬಾಣದ ಗುರುತು.

ಪಾಲಿಥೀನಿಗೆ ಒಂದು ಒಳ್ಳೆಯ ಗುಣವಿದೆ. ಅದು ಉಬ್ಬುತ್ತದೆ, ತಟ್ಟನೆ ಒಡೆಯುವುದಿಲ್ಲ. ಒತ್ತಡ ಇಳಿದ ಮೇಲೆ ಬಹುತೇಕ ಮೊದಲಿನ ಆಕಾರಕ್ಕೆ ಬರುತ್ತದೆ. ಒಂದೆರಡು ಸಲ ಮರೆತವರಿಗೆ ಗೊತ್ತೇ ಆಗದಂತೆ ಇದು ಕಾಪಾಡುತ್ತದೆ. ಆದ್ದರಿಂದಲೇ ಖಾತರಿಯ ಅವಧಿ ಮುಗಿಯುವವರೆಗೆ ದೋಷ ಬಯಲಿಗೆ ಬರುವುದಿಲ್ಲ ಎಂದು ಬೇಕಾದರೂ ಹೇಳಬಹುದು. ಪ್ರತಿ ಸಲ ಉಬ್ಬಿದಾಗಲೂ ಪೈಪು ಸೇರುವ ಕಂಠಗಳು ಅಲುಗುತ್ತವೆ, ಟ್ಯಾಂಕನ್ನು ಹಿಡಿದಿರುವ ಕಬ್ಬಿಣದ ಪಟ್ಟಿಗಳು ಕೆಳಕ್ಕೆ ಬಾಗುತ್ತವೆ. ಟ್ಯಾಂಕಿನ ಮೇಲೆಯೇ ಹಾಸಿಗೆಯ ಹಲಗೆಯಿರುವ ಗಾಡಿಯಾದರೆ ಹಲಗೆ ಮೇಲೇಳುತ್ತದೆ.

ಹಿಡಿ ತಿರುಗಿಸದೆಯೂ ಟ್ಯಾಂಕು ತುಂಬಿ ಹರಿಯುವ ದಾರಿಯೊಂದಿದೆ. ಟ್ಯಾಂಕಿನಿಂದ ನೀರೆತ್ತುವ 12 ವೋಲ್ಟಿನ ಪಂಪಿನೊಳಗೆ ರಬ್ಬರಿನ ಒಂದು ಚೆಕ್ ವಾಲ್ವ್ ಇರುತ್ತದೆ. ಗಾಡಿಗೆ ನಳ್ಳಿ ನೀರು ಕೊಟ್ಟಾಗ ಅದು ಪಂಪಿನ ಮೂಲಕ ಹಿಂದಕ್ಕೆ ಹರಿದು ಟ್ಯಾಂಕು ಸೇರದಂತೆ ತಡೆಯುವುದು ಅದೇ. ಒಂದು ಮರಳಿನ ಕಣ ಸಿಕ್ಕಿಕೊಂಡರೆ ಸಾಕು, ರಾತ್ರಿಯಿಡೀ ಹನಿಹನಿಯಾಗಿ ಟ್ಯಾಂಕು ತುಂಬಿ ಬೆಳಗ್ಗೆ ಗಾಡಿಯಡಿ ಕೆಸರಾಗಿರುತ್ತದೆ. ಕೆಸರು ಕಂಡವರು ಅದೃಷ್ಟವಂತರು. ವೆಂಟಿನ ಜಾಲರಿ ಕಿತ್ತುಹೋಗಿ ಮಣ್ಣಿನ ಗೂಡು ಕಟ್ಟುವ ಕಣಜ ಒಳಗೆ ಸಂಸಾರ ಹೂಡಿದ್ದರೆ ನೀರಿಗೆ ಹೊರದಾರಿಯೇ ಇರುವುದಿಲ್ಲ. ಆಗ ಟ್ಯಾಂಕಿನೊಳಗೆ ನಿಧಾನವಾಗಿ ಏರುವುದು ಎರಡು ಮೂರು ಪಿಎಸ್‌ಐ ಮಾತ್ರವಲ್ಲ, ನಳ್ಳಿಯಲ್ಲಿ ಇರುವಷ್ಟೂ. ಅಲ್ಲಿನ ಕ್ಯಾಂಪ್‌ಗ್ರೌಂಡುಗಳಲ್ಲಿ 50, 60 ಪಿಎಸ್‌ಐ ಇರುವುದು ಸಾಮಾನ್ಯ.

ಹಳೆಯ ಟ್ರೇಲರುಗಳಲ್ಲಿ ಟ್ಯಾಂಕಿನೊಳಗೆ ಒತ್ತಡವಿರುವುದೇ ಕ್ರಮವಾಗಿತ್ತು. 1950, 60ರ ದಶಕದ ಹಲವು ಗಾಡಿಗಳಲ್ಲಿ ಲೋಹದ ಟ್ಯಾಂಕಿಗೆ ಗಾಳಿ ಹೊಡೆದು, ಆ ಗಾಳಿಯ ಬಲದಿಂದಲೇ ನಲ್ಲಿಗೆ ನೀರು ಬರುವಂತೆ ಮಾಡುತ್ತಿದ್ದರು. ಆಮೇಲೆ ಬೇಕಾದಾಗ ಮಾತ್ರ ಓಡುವ ವಿದ್ಯುತ್ ಪಂಪು ಬಂತು, ಟ್ಯಾಂಕಿನಲ್ಲಿ ಒತ್ತಡ ಬೇಕಿಲ್ಲವಾಯಿತು, ಹಗುರವಾದ ಪ್ಲಾಸ್ಟಿಕ್ ಬಂತು. ಒಳ್ಳೆಯ ಬದಲಾವಣೆಯೇ. ಒತ್ತಡ ತಡೆಯಲಾರದ ಟ್ಯಾಂಕಿಗೆ ಒತ್ತಡ ಹುಟ್ಟದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಒಂದು ತೆಳು ಪೈಪಿನ ತಲೆಗೆ ಬಿತ್ತು.

ಇನ್ನು ದಾರಿಯಲ್ಲಿ ಚೆಲ್ಲುವ ನೀರು. ಟ್ಯಾಂಕು ತುಂಬಿದೆ, ಗಾಡಿ ಘಾಟಿ ಹತ್ತುತ್ತಿದೆ, ನೀರು ಹಿಂದಕ್ಕೆ ವಾಲಿ ಓವರ್‌ಫ್ಲೋ ಬಾಯಿಯನ್ನು ಮುಳುಗಿಸುತ್ತದೆ. ಪೈಪು ಒಮ್ಮೆ ಪೂರ್ತಿ ತುಂಬಿ ನೆಲದಡಿಗೆ ಇಳಿಯಿತೆಂದರೆ ಸೈಫನ್ ಶುರು. ಗಾಡಿ ಸಮನೆಲಕ್ಕೆ ಬಂದು ಆ ಬಾಯಿಗೆ ಗಾಳಿ ಸಿಗುವವರೆಗೆ ಅದು ನಿಲ್ಲುವುದಿಲ್ಲ. ಉದ್ದನೆಯ ಏರಿನಲ್ಲಿ ಎಷ್ಟು ಹೋಯಿತೆಂದು ತಿಳಿಯುವುದು ಊರು ಮುಟ್ಟಿದ ಮೇಲೆ. ಇದಕ್ಕೆ ಮದ್ದು ಕಷ್ಟದ್ದಲ್ಲ: ಪೈಪನ್ನು ಟ್ಯಾಂಕಿಗಿಂತ ಸಾಕಷ್ಟು ಮೇಲಕ್ಕೆ ಒಯ್ದು, ನೆತ್ತಿಯಲ್ಲಿ ಗಾಳಿ ಹೀರುವ ಸಣ್ಣ ವಾಲ್ವ್ ಇಟ್ಟು, ಆಮೇಲೆ ಇಳಿಸುವುದು. ಕಾರ್ಖಾನೆಯಲ್ಲೇ ಹಾಗೆ ಮಾಡಿದ ಗಾಡಿಗಳು ಇಲ್ಲವೆಂದಲ್ಲ. ಇಲ್ಲದ ಗಾಡಿಗಳ ಮಾಲೀಕರು ಕಂಡುಕೊಂಡ ಉಪಾಯ ಬೇರೆ. ಓವರ್‌ಫ್ಲೋ ಪೈಪಿನ ತುದಿಗೆ ಒಂದು ಬಾಲ್ ವಾಲ್ವ್ ಹಾಕಿ, ಹೊರಡುವಾಗ ಮುಚ್ಚಿಬಿಡುತ್ತಾರೆ. ನೀರು ಚೆಲ್ಲುವುದು ನಿಲ್ಲುತ್ತದೆ, ನಿಜ. ಬೇರೆ ವೆಂಟ್ ಇಲ್ಲದ ಟ್ಯಾಂಕಿನಲ್ಲಿ ಅದನ್ನು ಮುಚ್ಚಿಯೇ ಪಂಪು ಓಡಿಸಿದರೆ ಟ್ಯಾಂಕು ಒಳಕ್ಕೆ ಸೊಟ್ಟಗಾಗುತ್ತದೆ. ಮುಚ್ಚಿಯೇ ನಳ್ಳಿಯ ಒತ್ತಡದಲ್ಲಿ ತುಂಬಿಸಿದರೆ ಮೇಲೆ ಹೇಳಿದ ಒಂದು ಟನ್ನಿನ ಲೆಕ್ಕ ಎಲ್ಲಿಗೋ ಹೋಗುತ್ತದೆ. ನೀರು ಉಳಿಸುವ ಜಾಣತನವೆಂದು ಇದನ್ನು ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡುವುದನ್ನು ಕಂಡಾಗ ನನಗೆ ಮಾಲೀಕರ ಮೇಲಲ್ಲ, ಅವರನ್ನು ಆ ಸ್ಥಿತಿಗೆ ತಂದವರ ಮೇಲೆ ಕೋಪ ಬರುತ್ತದೆ. ಮೂಲದಲ್ಲಿ ಇರುವ ತಪ್ಪು ಒಂದೇ. ಗಾಳಿ ಬಿಡುವುದು, ಗಾಳಿ ಎಳೆದುಕೊಳ್ಳುವುದು, ಹೆಚ್ಚಾದ ನೀರು ಹೊರಹಾಕುವುದು, ಈ ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಪೈಪಿಗೆ ಒಪ್ಪಿಸಿ, ಅದರ ಗಾತ್ರವನ್ನು ಅತಿ ಹಗುರವಾದ ಮೊದಲ ಕೆಲಸಕ್ಕೆ ತಕ್ಕಂತೆ ಆರಿಸಿದ್ದಾರೆ.

ಬೇರೆ ದಾರಿ ಇಲ್ಲವೇ ಎಂದರೆ, ಅಟ್ಲಾಂಟಿಕ್ ದಾಟಿದರೆ ಸಾಕು. ಬ್ರಿಟನ್ನಿನಲ್ಲಿ ಕಾರಿನ ಹಿಂದೆ ಕಾರವಾನ್ ಎಳೆದುಕೊಂಡು ಹೋಗುವವರು ಅಕ್ವಾರೋಲ್ ಎಂಬ 40 ಲೀಟರಿನ ಉರುಳುವ ಪೀಪಾಯಿಯನ್ನು ನಳ್ಳಿಯವರೆಗೆ ಉರುಳಿಸಿಕೊಂಡು ಹೋಗಿ ತುಂಬಿ ತಂದು ಗಾಡಿಯ ಪಕ್ಕದಲ್ಲೇ ನಿಲ್ಲಿಸುತ್ತಾರೆ. ಅದರ ಬಾಯಿಗೆ ಪಂಪು ಇಳಿಬಿಟ್ಟರೆ ಮುಗಿಯಿತು. ಟ್ಯಾಂಕು ನೆಲದ ಮೇಲಿದೆ, ಬಾಯಿ ತೆರೆದಿದೆ, ನೀರೆಷ್ಟಿದೆ ಎಂದು ಅಲುಗಿಸಿದರೆ ತಿಳಿಯುತ್ತದೆ. ಅಮೆರಿಕದ ಗೆಳೆಯರಿಗೆ ಇದನ್ನು ಹೇಳಿದರೆ ನಗುತ್ತಾರೆ. ಮರುಭೂಮಿಯಲ್ಲಿ ವಾರಗಟ್ಟಲೆ ಇರುವವನಿಗೆ 40 ಲೀಟರ್ ಯಾವ ಮೂಲೆಗೆ ಎನ್ನುತ್ತಾರೆ. ಅದೂ ಸರಿಯೇ. ಯುರೋಪಿನ ಮೋಟರ್‌ಹೋಮುಗಳಲ್ಲಿ ಗಾಡಿಯೊಳಗೇ ಟ್ಯಾಂಕು ಇರುತ್ತದೆ, ಆದರೆ ಹಲವದರಲ್ಲಿ ಓವರ್‌ಫ್ಲೋವನ್ನು ಬೇಕೆಂದೇ ಕೆಳಗೆ ಇಟ್ಟಿರುತ್ತಾರೆ. ‘ಪ್ರಯಾಣ’ ಎಂಬ ಗುರುತಿಗೆ ತಿರುಗಿಸಿದರೆ 20 ಲೀಟರ್ ಉಳಿದು ಬಾಕಿಯದು ಹೊರಗೆ ಹೋಗುತ್ತದೆ, ತೂಕದ ಮಿತಿಯೊಳಗೆ ಗಾಡಿ ಇರಲಿ ಎಂದು. ಅಲ್ಲಿ ಓವರ್‌ಫ್ಲೋ ಎಂಬುದು ಕೊನೆಗೆ ಎಲ್ಲೋ ತುರುಕಿದ ಪೈಪಲ್ಲ, ಲೆಕ್ಕವಿಟ್ಟು ಮಾಡಿದ ಭಾಗ. ಇದರಲ್ಲಿ ತೂಕವನ್ನು ಕಾಗದದ ಮೇಲೆ ಕಡಿಮೆ ತೋರಿಸುವ ಚಾಲಾಕಿತನವೂ ಸ್ವಲ್ಪ ಇದೆಯೆನ್ನಿ.

ಅಮೆರಿಕದ ನಿಯಮಗಳೇನೂ ಸಡಿಲವಾಗಿಲ್ಲ. ಆರ್‌ವಿಗಳ ಕೊಳಾಯಿ, ಅನಿಲ, ಬೆಂಕಿ ಸುರಕ್ಷತೆಗೆ ಎನ್‌ಎಫ್‌ಪಿಎ 1192 ಎಂಬ ಮಾನದಂಡವಿದೆ. ಮೋಟರ್‌ಹೋಮಿನ ಬಾಗಿಲ ಬಳಿ ತುಂಬಿದ ನೀರಿನ ತೂಕ ಎಷ್ಟೆಂದು ಬರೆದ ಚೀಟಿಯನ್ನು ಕೇಂದ್ರ ಸರ್ಕಾರದ ಸುರಕ್ಷತಾ ನಿಯಮವೇ ಕಡ್ಡಾಯ ಮಾಡಿದೆ. ಆ ಚೀಟಿ ಓದಿ ನೀರು ಅಳೆದು ತುಂಬೋಣವೆಂದರೆ ಅಳೆಯುವ ಸಾಧನ ಯಾವುದು? ಗೋಡೆಯ ಮೇಲೆ ನಾಲ್ಕು ದೀಪ: ಖಾಲಿ, ಮೂರನೇ ಒಂದು, ಮೂರನೇ ಎರಡು, ಪೂರ್ತಿ. ಟ್ಯಾಂಕಿನ ಪಕ್ಕದ ಗೋಡೆಗೆ ಚುಚ್ಚಿದ ಮೊಳೆಗಳಿಗೆ ನೀರು ತಾಗಿದಾಗ ಹೊತ್ತುವ ದೀಪಗಳಿವು. ಎರಡು ಮೊಳೆಗಳ ನಡುವೆ ಏನಾಗುತ್ತಿದೆ ಎಂದು ಅವಕ್ಕೆ ಗೊತ್ತಿಲ್ಲ. ಹಾಗಾಗಿ ಎಲ್ಲರೂ ನೆಚ್ಚಿಕೊಂಡಿರುವುದು ಓವರ್‌ಫ್ಲೋದಿಂದ ನೀರು ಬೀಳುವುದನ್ನೇ. ಆ ನೀರು ಎಲ್ಲಿ ಬೀಳುತ್ತದೆ ಎಂಬುದು ಇನ್ನೊಂದು ಕತೆ. ಗಾಡಿಯ ತಳವನ್ನು ಮುಚ್ಚುವ ಕೋರೊಪ್ಲಾಸ್ಟ್ ಹಾಳೆಯನ್ನು ದಾಟಿ ಪೈಪಿನ ತುದಿ ಹೊರಗೆ ಬಂದಿರಬೇಕು. ಬಾರದೆ ಒಳಗೇ ನಿಂತಿದ್ದರೆ ನೀರು ಹಾಳೆಯ ಮೇಲೆ ಸೇರಿ, ಉಷ್ಣನಿರೋಧಕ ಹತ್ತಿಯನ್ನು ನೆನೆಸಿ, ಮರದ ನೆಲವನ್ನು ಕೆಳಗಿನಿಂದ ಕೊಳೆಸುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ತಳ ಜೋತುಬಿದ್ದ ಮೇಲೆ ಹಾಳೆ ಬಿಚ್ಚಿದವನ ಮೇಲೆ ಎಲ್ಲವೂ ಒಟ್ಟಿಗೆ ಸುರಿಯುತ್ತದೆ.

ತಯಾರಕರ ಪರವಾಗಿ ಹೇಳಬಹುದಾದದ್ದೂ ಇದೆ. ಕುಡಿಯುವ ನೀರಿನ ಟ್ಯಾಂಕಿಗೆ ತೂತು ಹೆಚ್ಚಿದಷ್ಟೂ ಸೋರುವ ಜಾಗ ಹೆಚ್ಚು, ದೂಳು, ಹುಳ ಒಳಬರುವ ದಾರಿ ಹೆಚ್ಚು. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಪೈಪೂ ಒಂದು ಹೆಚ್ಚು. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಎರಡನೆಯ ತೂತು ಇಡದಿರುವುದಕ್ಕೆ ಇದು ಕಾರಣವಾಗಬಹುದು. ಇರುವ ಒಂದೇ ತೂತು ಅರ್ಧ ಇಂಚಿನದಾಗಿ ಇರುವುದಕ್ಕೆ ಆಗಲಾರದು. ಒತ್ತಡದಲ್ಲಿ ತುಂಬುವ ವ್ಯವಸ್ಥೆ ಕೊಟ್ಟ ಗಾಡಿಗೆ ಒಳಬರುವ ಪೈಪಿಗಿಂತ ಹೊರಹೋಗುವ ಪೈಪು ದೊಡ್ಡದಾಗಿರಬೇಕು, ಅದರ ತುದಿ ನಿಂತು ನೋಡಿದರೆ ಕಾಣುವಂತಿರಬೇಕು. ಇಂಚಿನ ಪೈಪಿಗೂ ಅರ್ಧ ಇಂಚಿನ ಪೈಪಿಗೂ ಬೆಲೆಯಲ್ಲಿ ಇರುವ ಅಂತರ ಕೆಲವೇ ಡಾಲರ್. ಹಾಸಿಗೆಯ ತಲೆದೆಸೆಯ ಬಣ್ಣದ ದೀಪಕ್ಕೆ ಅದಕ್ಕಿಂತ ಹೆಚ್ಚು ಸುರಿದಿರುತ್ತಾರೆ.

ಓವರ್‌ಫ್ಲೋ ಬೇಡವೇ ಬೇಡ ಎನ್ನುವಂತೆಯೂ ಇಲ್ಲ. ಟ್ಯಾಂಕನ್ನು ಕ್ಲೋರಿನ್ ಹಾಕಿ ತೊಳೆಯುವಾಗ, 15 ಗ್ಯಾಲನ್ನಿಗೆ ಕಾಲು ಕಪ್ಪಿನಷ್ಟು ಮನೆಬಳಕೆಯ ಬ್ಲೀಚು ಬೆರೆಸುವುದು ರೂಢಿ. ಆ ನೀರು ನಲ್ಲಿಗಳಲ್ಲೆಲ್ಲ ಹರಿದರೂ ವೆಂಟ್ ಪೈಪಿನೊಳಕ್ಕೆ ಹೋಗಬೇಕಾದರೆ ಟ್ಯಾಂಕು ಉಕ್ಕಲೇಬೇಕು. ಉಕ್ಕಿಸದೆ ತೊಳೆದವರ ಗಾಡಿಯಲ್ಲಿ, ಜೋತುಬಿದ್ದ ತಗ್ಗಿನ ಹಳೆಯ ನೀರು ಪಾಚಿ ಹಿಡಿದು ಹಾಗೇ ಉಳಿಯುತ್ತದೆ, ಮುಂದಿನ ಸಲ ಗಾಡಿ ಅಲುಗಿದಾಗ ಒಂದಿಷ್ಟು ಟ್ಯಾಂಕಿಗೂ ಇಳಿಯುತ್ತದೆ. ತುದಿಗೆ ವಾಲ್ವ್ ಹಾಕಿ ಮುಚ್ಚಿಟ್ಟವರ ಪೈಪಿಗಂತೂ ಕ್ಲೋರಿನ್ನಿನ ವಾಸನೆಯೂ ತಾಗುವುದಿಲ್ಲ.

ಕೊಳ್ಳುವವರು ಮಾಡಬಹುದಾದದ್ದು ಒಂದಿದೆ. ದುಡ್ಡು ಕೊಡುವ ಮೊದಲು ಅಂಗಡಿಯ ಅಂಗಳದಲ್ಲೇ ಟ್ಯಾಂಕು ತುಂಬಿಸಿ ತೋರಿಸಲು ಹೇಳಬೇಕು. ಮೊದಲು ತೆರೆದ ಬಾಯಿಯಿಂದ, ಆಮೇಲೆ ಒಂದಿಷ್ಟು ಖಾಲಿ ಮಾಡಿಸಿ, ಹಿಡಿ ತಿರುಗಿಸಿ, ನಳ್ಳಿಯನ್ನು ಪೂರ್ತಿ ಬಿಟ್ಟು. ನಿಮಿಷಕ್ಕೆ 20 ಲೀಟರ್ ಬಂದರೆ 227 ಲೀಟರ್ ತುಂಬಲು ಹನ್ನೊಂದು, ಹನ್ನೆರಡು ನಿಮಿಷ. ಕೊನೆಯ ಎರಡು ನಿಮಿಷ ಗಾಡಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತಳವನ್ನು ನೋಡಬೇಕು. ನೀರು ಹೊರಗೆ ಬೀಳುವ ಹೊತ್ತಿಗೆ ಆ ಕೋರೊಪ್ಲಾಸ್ಟ್ ಹೊಟ್ಟೆ ಕೆಳಕ್ಕೆ ಇಳಿಯಿತೆಂದರೆ, ಬೆಲೆ ಎಷ್ಟೇ ಇಳಿಸಲಿ, ಆ ಗಾಡಿಯನ್ನು ಕೊಳ್ಳಬಾರದು.